ಅಮ್ಮನ ಬಾವಿಗೆ ಹಸಿರು ಬೊಟ್ಟು

ಬಾಟ್ಲಿಯನ್ನು ತೊಳೆಯಬೇಡಿ ಎಂದು ಅವಳು ಹೇಳುತ್ತಲೇ ಬಂದಿದ್ದಾಳೆ, ಜನ ತೊಳೆಯುತ್ತಲೇ ಬಂದಿದ್ದಾರೆ. ಅವಳ ಉದ್ಯೋಗದ ಸಾರಾಂಶ ಇಷ್ಟೇ. ಆಫೀಸಿನಲ್ಲಿ ಬಿಸಿ ಹಬೆಯಲ್ಲಿಟ್ಟು, ಕಣ್ಣಿಗೆ ಕಾಣದ ಹುಳವೂ ಬದುಕಿ ಉಳಿಯದ ಹಾಗೆ ಮಾಡಿ, ಒಳಗೆ ಚಿಟಿಕೆ ಔಷಧಿ ಹಾಕಿ, ಮುಚ್ಚಳ ಬಿಗಿದು ತಂದ ಬಾಟ್ಲಿ ಅದು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಮನೆಯಾಕೆ ಅದನ್ನು ಕೈಗೆತ್ತಿಕೊಂಡು, ಮುಚ್ಚಳ ತೆಗೆದು, "ಅಯ್ಯೋ, ಒಳಗೆ ಏನೋ ಪುಡಿ ಕೂತಿದೆ ನೋಡಿ" ಎಂದು ಬಚ್ಚಲಿಗೆ ಒಯ್ದು, ಸೋಪು ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಫಳಫಳ ಹೊಳೆಯುವ ಹಾಗೆ ಮಾಡಿ ತಂದುಕೊಡುತ್ತಾಳೆ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಕಳೆ ಬೇರೆ. ಬೈಯಬೇಕೆಂದು ಬಾಯಿ ತೆರೆದರೆ ಅಷ್ಟರಲ್ಲಿ ಕೈಗೆ ಟೀ ಲೋಟ ಬಂದಿರುತ್ತದೆ. ಟೀ ಕೊಟ್ಟವರನ್ನು ಬೈಯುವುದು ಹೇಗೆ?

ಊರಿನವರು ಅವಳನ್ನು ಬಾಟ್ಲಿ ಅಕ್ಕ ಎಂದು ಕರೆಯುತ್ತಾರೆ. ಮೊದಮೊದಲು ಬೇಜಾರಾಗಿತ್ತು. ಹೊಸಬರು ಕೇಳಿದರೆ ಬೇರೆಯೇ ಅರ್ಥ ಮಾಡಿಕೊಂಡಾರು ಎಂದು ಗಂಡನ ಹತ್ತಿರ ಅಲವತ್ತುಕೊಂಡಿದ್ದಳು. ಹೊಲಿಗೆ ಅಂಗಡಿಯ ಆ ಮನುಷ್ಯ ಯಂತ್ರದಿಂದ ತಲೆ ಎತ್ತದೆ, "ನನ್ನನ್ನ ಗುಂಡಿ ಮಾಮ ಅಂತಾರೆ. ನಾನು ಯಾವತ್ತಾದ್ರೂ ಅತ್ತಿದ್ದೀನಾ?" ಎಂದಿದ್ದ. ಅಲ್ಲಿಗೆ ಆ ಮಾತು ಮುಗಿಯಿತು.

ಕೆಲಸ ಕೇಳಿದರೆ ಸುಲಭ, ಊರಿನ ಬಾವಿಗಳ ನೀರು ಪರೀಕ್ಷೆ ಮಾಡುವುದು. ಊರಿನ ಬೆನ್ನಿಗೇ ಹಿನ್ನೀರು. ಸಮುದ್ರ ಉಬ್ಬಿದಾಗ ಉಪ್ಪುನೀರು ಕಾಲುವೆ ಹಿಡಿದು ಒಳಗೆ ನುಗ್ಗುತ್ತದೆ. ಹೊರಗೆ ಹರಿಯಬೇಕಾದ ಊರಿನ ಚರಂಡಿಗಳೆಲ್ಲ ಬಂದ ದಾರಿಯಲ್ಲೇ ವಾಪಸ್ಸು ತಿರುಗುತ್ತವೆ. ಸಮುದ್ರ ಇಳಿದಾಗ ಎಲ್ಲ ಮತ್ತೆ ಸಭ್ಯವಾಗಿ ಹೊರಗೆ ಹೋಗುತ್ತದೆ. ಈ ಹೋಗಿ ಬರುವ ಸಂಭ್ರಮದಲ್ಲಿ ಕಕ್ಕಸು ಗುಂಡಿಗಳ ಕೊಳೆ ಮಣ್ಣಿನೊಳಗಿಂದ ಯಾವ ಬಾವಿಗೆ ಎಷ್ಟು ಸೇರುತ್ತದೆ ಎಂಬುದು ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಬಾಟ್ಲಿಗೆ ಮಾತ್ರ ತಿಳಿಯುತ್ತದೆ. ನೀರು ತುಂಬಿ ಆಫೀಸಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಒಳ್ಳೆಯ ನೀರು ಮರುದಿನವೂ ಹಾಗೇ ಇರುತ್ತದೆ. ಕೊಳೆ ಸೇರಿದ ನೀರು ಡಾಂಬರಿನಷ್ಟು ಕಪ್ಪಾಗುತ್ತದೆ. ಆ ಪೆಟ್ಟಿಗೆಯಲ್ಲಿ ಜವಾನ ತನ್ನ ಮನೆಯ ಹಾಲಿಗೆ ಹೆಪ್ಪು ಹಾಕಿಡುತ್ತಾನೆ, ಅದು ಬೇರೆ ರಗಳೆ. "ಗಟ್ಟಿಯಾಗಿ ಬರುತ್ತೆ ಅಕ್ಕ, ಒಂದು ಸಲ ತಿಂದು ನೋಡಿ" ಎನ್ನುತ್ತಾನೆ. ಊರಿನ ಕೊಳೆಯ ಪಕ್ಕದಲ್ಲಿ ರಾತ್ರಿಯಿಡೀ ಕೂತ ಮೊಸರನ್ನು ತಿನ್ನುವಷ್ಟು ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ.

ಪರೀಕ್ಷೆ ಆದ ಮೇಲೆ ಬಾವಿಯ ಕಟ್ಟೆಗೆ ಬಣ್ಣದ ಬೊಟ್ಟು. ಹಸಿರಾದರೆ ಕುಡಿಯಬಹುದು, ಕೆಂಪಾದರೆ ಕೂಡದು. ಓದು ಬಾರದವರಿಗೂ ತಿಳಿಯಲಿ ಎಂದು ಮೇಲಿನವರು ಮಾಡಿದ ವ್ಯವಸ್ಥೆ. ತಿಳಿಯಿತು, ಚೆನ್ನಾಗಿಯೇ ತಿಳಿಯಿತು. ಯಾರ ಮನೆಗೆ ಹಸಿರು, ಯಾರ ಮನೆಗೆ ಕೆಂಪು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಕೆಂಪು ಬಿದ್ದವರು ಅದನ್ನು ಚಾಕುವಿನಿಂದ ಕೆರೆದರು. ಕೆಲವರು ಅದರ ಮುಂದೆ ಹೂಕುಂಡ ಇಟ್ಟರು. ಬೇಕರಿಯವನು ಮೂರು ದಿನ ಅವಳ ಹಿಂದೆ ಬಿದ್ದು, "ಹಸಿರು ಬೇಡ ಬಿಡಿ ಅಕ್ಕ, ಮಧ್ಯದಲ್ಲಿ ಒಂದು ಹಳದಿ ಅಂತ ಮಾಡೋಕಾಗಲ್ವಾ?" ಎಂದು ಪೀಡಿಸಿದ. ನೀರನ್ನು ಸರಿ ಮಾಡೋಣ, ಗುಂಡಿಯನ್ನು ದೂರ ಸರಿಸೋಣ, ಕುದಿಸಿ ಕುಡಿಯೋಣ ಎಂದು ಒಬ್ಬನಾದರೂ ಹೇಳಬೇಕಲ್ಲ? ಎಲ್ಲರಿಗೂ ಬೊಟ್ಟಿನದೇ ಚಿಂತೆ.

ಹೀಗಾಗಿ ಜನ ಮೋಸ ಮಾಡಲು ಶುರು ಮಾಡಿದರು. ಮೋಸ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಒಬ್ಬಾಕೆ ಫ್ರಿಜ್ಜಿನಿಂದ ಅಂಗಡಿ ನೀರು ತೆಗೆದು ಬಾಟ್ಲಿಗೆ ತುಂಬಿಸಿ ಕೊಟ್ಟಳು. ಮುಟ್ಟಿದರೆ ಐಸು, ಆದರೂ "ನಮ್ಮ ಬಾವಿ ನೀರು ಯಾವತ್ತೂ ತಣ್ಣಗೇ" ಎಂದು ಸಾಧಿಸಿದಳು. ಅವತ್ತಿನಿಂದ ಬಾಟ್ಲಿ ಅಕ್ಕ ಒಂದು ನಿಯಮ ಮಾಡಿಕೊಂಡಳು. ತನ್ನದೇ ಹಗ್ಗ, ತನ್ನದೇ ತಂಬಿಗೆ, ತನ್ನದೇ ಕೈ. ಬಾವಿಗೆ ತಾನೇ ಇಳಿಬಿಡಬೇಕು, ತಾನೇ ಎತ್ತಬೇಕು. ಮನೆಯವರು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಯಾರು ಏನೇ ಅಂದರೂ ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ರಿಯಾಯಿತಿ ಒಂದೇ ಒಂದು ಮನೆಗೆ ಇತ್ತು, ಅದು ಅವಳ ತವರು.

ಅಮ್ಮನ ಮನೆ ಹಿನ್ನೀರಿನ ಅಂಚಿಗೆ, ಕೊನೆಯ ಬೀದಿಯಲ್ಲಿದೆ. ಮನೆಯಲ್ಲಿ ಅಮ್ಮ, ತಮ್ಮ, ತಮ್ಮನ ಹೆಂಡತಿ, ಅವರ ಮೂರು ವರ್ಷದ ಮಗಳು. ಹುಟ್ಟಿದಾಗ ದುಂಡುದುಂಡಗೆ ಇದ್ದುದರಿಂದ ಮಗುವಿಗೆ ಗುಂಡಮ್ಮ ಎಂಬ ಅಡ್ಡಹೆಸರು ಬಿದ್ದಿತ್ತು. ಬಾವಿ ಅಪ್ಪ ತೋಡಿಸಿದ್ದು. ಅಪ್ಪ ಹೋದ ಮೇಲೆ ಅಮ್ಮ ಆ ಬಾವಿಯನ್ನು ಮನೆಯ ಇನ್ನೊಬ್ಬ ಹಿರಿಯನ ಹಾಗೆ ನೋಡಿಕೊಂಡಳು. ಬೀದಿಯಲ್ಲಿ ಯಾರು ಕೊಡ ಹಿಡಿದು ಬಂದರೂ ಇಲ್ಲ ಎಂದವಳಲ್ಲ. ಮನಸ್ತಾಪ ಇದ್ದವರಿಗೂ ಇಲ್ಲ ಎಂದವಳಲ್ಲ; ಬೈದುಕೊಂಡೇ ಹಗ್ಗ ಕೈಗೆ ಕೊಡುತ್ತಿದ್ದಳು.

ಬಾಟ್ಲಿ ಅಕ್ಕ ಆ ಬೀದಿಗೆ ಹೋಗುವ ಹೊತ್ತಿಗೆ ಕಾಲು ಸೋತಿರುತ್ತದೆ, ಗಂಟಲು ಒಣಗಿರುತ್ತದೆ. ಅಮ್ಮನ ಜಗಲಿಯ ಮೇಲೆ ಕೂತು ಹಗ್ಗ ಬಿಚ್ಚಲು ಹೋದರೆ ಅಮ್ಮ ಕೈ ಹಿಡಿದುಕೊಳ್ಳುತ್ತಾಳೆ.

"ತವರಿಗೆ ಬಂದವಳು ಬಾವಿ ಹತ್ರ ನಿಂತು ನೀರು ಸೇದ್ತೀಯೇನೇ? ನೋಡಿದವರು ಏನಂದ್ಕೊಂಡಾರು? ಮಗಳ ಕೈಲಿ ಕೆಲಸ ಮಾಡಿಸ್ತಾಳೆ ಮುದುಕಿ ಅನ್ನಲ್ವಾ?"

"ಅಮ್ಮ, ಇದು ಮನೆ ಕೆಲಸ ಅಲ್ಲ, ಆಫೀಸ್ ಕೆಲಸ."

"ಯಾವ ಕೆಲಸ ಆದ್ರೂ ನೀರು ನೀರೇ. ಕೂತ್ಕೋ. ಆ ಬಾಟ್ಲಿ ಇತ್ಲಾಗೆ ಕೊಡು. ತೊಳೆಯಲ್ಲ ಮಾರಾಯ್ತಿ, ಗೊತ್ತು ನನಗೆ, ತೊಳೆಯಲ್ಲ."

ತೊಳೆಯಬಾರದು ಎಂಬುದು ಅಮ್ಮನೊಬ್ಬಳಿಗಾದರೂ ತಿಳಿಯಿತಲ್ಲ ಎಂಬ ಸಮಾಧಾನದಲ್ಲಿ ಅವಳು ಬಾಟ್ಲಿ ಕೊಟ್ಟು ಕಾಲು ಚಾಚುತ್ತಿದ್ದಳು. ಊರೆಲ್ಲ ಜಗಳವಾಡಿ ಬಂದವಳಿಗೆ ಹತ್ತು ನಿಮಿಷ ಯಾರದಾದರೂ ಮಗಳಾಗಿ ಕೂತಿರುವುದು ಸುಖವೆನ್ನಿಸುತ್ತಿತ್ತು. ಅಮ್ಮ ಒಳಗೆ ಹೋಗಿ, ಬಾಟ್ಲಿಯನ್ನು ಗೆರೆಯವರೆಗೆ ಸರಿಯಾಗಿ ತುಂಬಿಸಿ, ಜೊತೆಗೆ ಕುಡಿಯಲು ಒಂದು ಚೊಂಬು ನೀರು ತಂದುಕೊಡುತ್ತಿದ್ದಳು. ಮರುದಿನ ಪೆಟ್ಟಿಗೆ ತೆರೆದರೆ ಆ ಬೀದಿಯ ಉಳಿದೆಲ್ಲ ಬಾಟ್ಲಿಗಳೂ ಕಪ್ಪು, ಅಮ್ಮನದೊಂದು ನಿರ್ಮಲ. ಹಿನ್ನೀರಿಗೆ ಅಷ್ಟು ಹತ್ತಿರ ಇದ್ದೂ ಹೇಗೆ ಎಂದು ಒಂದೆರಡು ಸಲ ಯೋಚಿಸಿದ್ದಳು. ಅಪ್ಪ ಆಳವಾಗಿ ತೋಡಿಸಿದ್ದಾನೆ, ಒಳಗೆ ಬಂಡೆಯ ಪದರ ಇರಬೇಕು ಎಂದು ತಾನೇ ಉತ್ತರ ಹೇಳಿಕೊಂಡಿದ್ದಳು. ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ.

ಹೀಗೆ ಆ ಬೀದಿಯಲ್ಲಿ ಹಸಿರು ಬೊಟ್ಟು ಇದ್ದದ್ದು ಅಮ್ಮನ ಬಾವಿಗೆ ಮಾತ್ರ. ಇಟ್ಟವಳು ಅವಳೇ. "ಕೆಂಪು ಬಾವಿ ನೀರು ಕುಡೀಬೇಡಿ, ಹಸಿರು ಇರೋ ಕಡೆ ಹೋಗಿ" ಎಂದು ಮನೆಮನೆಗೆ ಹೇಳಿ ಬಂದವಳೂ ಅವಳೇ. ಅವಳ ಮಾತನ್ನು ಯಾವತ್ತೂ ಕೇಳದ ಜನ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಕೇಳಿದರು. ಇಡೀ ಬೀದಿ ಅಮ್ಮನ ಬಾವಿಗೆ ಬಂತು. ಅಮ್ಮ ಹೊಸ ರಾಟೆ ಹಾಕಿಸಿದಳು. ಸರದಿ ಕಾಯುವವರಿಗೆ ಕೂರಲು ಹಳೆಯ ಬೆಂಚೊಂದನ್ನು ಹೊರಗಿಟ್ಟಳು. ಬೀದಿಯ ಸುದ್ದಿಯೆಲ್ಲ ಕೂತಲ್ಲಿಗೇ ಬರತೊಡಗಿದ್ದರಿಂದ ಅಮ್ಮನ ಆರೋಗ್ಯ ಸುಧಾರಿಸಿತು.

ಗುಂಡಮ್ಮನದು ಕೆಟ್ಟಿತು. ಮೊದಲು ವಾರಕ್ಕೊಮ್ಮೆ ಭೇದಿ, ಆಮೇಲೆ ದಿನ ಬಿಟ್ಟು ದಿನ. ಕೆನ್ನೆ ಇಳಿಯಿತು, ತೋಳು ಇಳಿಯಿತು, ಹೆಸರು ಮಾತ್ರ ಗುಂಡಗೆ ಉಳಿಯಿತು. ಅಮ್ಮ ಸೊಸೆಯ ಕಡೆ ಬೆರಳು ತೋರಿಸಿದಳು: ಕೈ ತೊಳೆಯದೆ ತಿನ್ನಿಸ್ತಾಳೆ, ನಿನ್ನೆಯ ಅನ್ನ ಬಿಸಿ ಮಾಡಿ ಹಾಕ್ತಾಳೆ. ಸೊಸೆ ಬಾಯಿ ಬಿಡದೆ ಪಾತ್ರೆ ಕುಕ್ಕಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಇಲ್ಲಿ ಜಗಳ ಅತ್ತೆ ಸೊಸೆಯದು, ಬಡವಾದದ್ದು ಮಾತ್ರ ಕೂಸೇ. ಕೊನೆಗೆ ಒಂದು ಬೆಳಿಗ್ಗೆ ಮಗು ಕಣ್ಣು ಮೇಲಕ್ಕೆ ಮಾಡಿ ಕೈಕಾಲು ಚೆಲ್ಲಿದಾಗ, ತಮ್ಮ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದ.

"ಡಾಕ್ಟ್ರು ಕುಡಿಯೋ ನೀರು ಬದಲಾಯಿಸಿ ಅಂತಾರೆ ಅಕ್ಕ. ನಮ್ಮ ಬಾವಿ ನೀರು ಪಾಸಾಗಿದೆ ಸಾರ್, ನಮ್ಮಕ್ಕನೇ ನೀರಿನ ಆಫೀಸಲ್ಲಿರೋದು ಅಂದೆ. ಹಾಗಾದ್ರೆ ನಿಮ್ಮಕ್ಕನನ್ನೇ ಕೇಳಿ ಅಂದ್ರು. ಈಗ ನೀನೇ ಹೇಳು, ನಾನು ಯಾರ ಮಾತು ಕೇಳ್ಲಿ?"

ಅವಳಿಗೆ ಮೈ ಉರಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಹೊರಗಿನವರು ಸಾಲದೆಂದು ಈಗ ಡಾಕ್ಟರೂ ತನ್ನ ಕೆಲಸಕ್ಕೆ ಅಡ್ಡ ಮಾತಾಡಬೇಕೆ? ನೀರಲ್ಲ, ಇನ್ನೇನೋ ಇರಬೇಕು. ಹೋಗಿ ಹೇಳಿಯೇ ಬರುತ್ತೇನೆ ಎಂದು ಬಸ್ಸು ಹತ್ತಿದಳು.

ಮಕ್ಕಳ ವಾರ್ಡಿನಲ್ಲಿ ಹಸಿರು ಬಣ್ಣ ಕಿತ್ತುಬಂದ ಕಬ್ಬಿಣದ ಮಂಚ. ಗುಂಡಮ್ಮನ ಕೈಗೆ ರಟ್ಟಿನ ತುಂಡು ಕಟ್ಟಿ ಡ್ರಿಪ್ ಹಾಕಿದ್ದರು. ಮಲಗಿದ್ದ ಮಗುವಿನ ಪಕ್ಕೆಲುಬು ಅಂಗಿಯ ಮೇಲಿನಿಂದಲೇ ಕಾಣುತ್ತಿತ್ತು. ಡಾಕ್ಟರನ್ನು ಹುಡುಕುವ ಬದಲು ಅವಳು ಮಂಚದ ಪಕ್ಕ ಹೋಗಿ ನಿಂತಳು. ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ ಎದ್ದು ಜಾಗ ಬಿಟ್ಟಳು. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ನಾಳಿದ್ದು ಮನೆಗೆ ಕಳಿಸ್ತಾರಂತೆ ಅತ್ತಿಗೆ," ಎಂದಳು. "ಆದ್ರೆ ನಾನು ಇವಳನ್ನ ಆ ಮನೆಗೆ ಕರ್ಕೊಂಡು ಹೋಗಲ್ಲ. ಮತ್ತೆ ಅದೇ ನೀರು ಕುಡಿದು ಇಲ್ಲಿಗೆ ಬಂದ್ರೆ ಈ ಮಗು ಉಳಿಯಲ್ಲ ಅಂತ ಡಾಕ್ಟ್ರು ನನ್ನ ಮುಖ ನೋಡಿನೇ ಹೇಳಿದ್ರು."

"ನೀರಲ್ಲ ಕಣೇ. ನಾನೇ ಪರೀಕ್ಷೆ ಮಾಡಿದ್ದೀನಲ್ಲ, ಒಂದು ಸಲ ಅಲ್ಲ..."

"ಬೇಜಾರು ಮಾಡ್ಕೋಬೇಡಿ. ನಿಮ್ಮ ಪಾತ್ರೆ ನೀರನ್ನ ಪರೀಕ್ಷೆ ಮಾಡಿ ನಮ್ಮ ಬಾವಿಗೆ ಹಸಿರು ಇಟ್ರೆ ಹೇಗೆ ಅತ್ತಿಗೆ?"

"ನನ್ನ ಪಾತ್ರೆನಾ? ಯಾವ ಪಾತ್ರೆ?"

ತಮ್ಮನ ಹೆಂಡತಿ ಅವಳನ್ನೇ ನೋಡಿದಳು. "ನೀವು ಬರ್ತೀರಿ ಅಂತ ಗೊತ್ತಾದ ತಕ್ಷಣ ಅತ್ತೆ ಒಲೆ ಮೇಲೆ ಇಡ್ತಾರಲ್ಲ, ಮುಚ್ಚಳದ್ದು. ಚೆನ್ನಾಗಿ ಕುದಿಸಿ, ಆರಿಸಿ ಇಡ್ತಾರೆ. ನೀವು ಕುಡಿಯೋದೂ ಅದನ್ನೇ, ನಿಮ್ಮ ಬಾಟ್ಲಿಗೆ ಹಾಕೋದೂ ಅದನ್ನೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಗೊತ್ತಿದ್ದಿದ್ರೆ ನಾನು... ನೀನು ಒಂದು ಮಾತು ಹೇಳಬಾರದಾಗಿತ್ತಾ?"

"ನಾನು ಹೇಳಿದ್ರೆ ಅತ್ತೆ ಮೇಲೆ ಚಾಡಿ ಹೇಳ್ತಾಳೆ ಅಂತಿದ್ರಿ. ಅಲ್ಲದೆ ನೀವು ಓದಿ ಕೆಲಸಕ್ಕೆ ಸೇರಿದವರು. ಕುದಿಸಿದ ನೀರನ್ನೇ ಪರೀಕ್ಷೆ ಮಾಡೋದು ನಿಮ್ಮ ಆಫೀಸಿನ ಪದ್ಧತಿ ಇರಬಹುದು ಅಂದ್ಕೊಂಡೆ."

ಕುದಿಸಿದ ನೀರು! ಕುದಿಸಿದರೆ ಚರಂಡಿಯ ನೀರೂ ಆ ಬಾಟ್ಲಿಯಲ್ಲಿ ಪಾಸಾಗುತ್ತದೆ. ಬಾಟ್ಲಿ ಅಕ್ಕ ನಗಬೇಕೋ ಅಳಬೇಕೋ ತಿಳಿಯದೆ, ಎರಡೂ ಬಿಟ್ಟು ಎದ್ದಳು. ಊರಿನವರೆಲ್ಲರ ಕಳ್ಳಾಟ ಹಿಡಿದ ಕಣ್ಣು ಅಮ್ಮನ ಅಡುಗೆಮನೆಯ ಬಾಗಿಲಲ್ಲಿ ಮುಚ್ಚಿಕೊಂಡಿತ್ತು. ತನ್ನ ಮೇಲಿನ ಸಿಟ್ಟನ್ನೆಲ್ಲ ಒಟ್ಟು ಮಾಡಿ ಅಮ್ಮನಿಗೆ ಕೊಡಲು ಹೊರಟಳು. ಹತ್ತಿರದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಸುಲಭವಲ್ಲವೇ.

ಅಮ್ಮ ಬಾವಿಕಟ್ಟೆಯ ಬಳಿ ಬೆಂಚಿನ ಮೇಲೆ ಕೂತು ತೆಂಗಿನ ನಾರಿನ ಹಗ್ಗದ ತುದಿಗೆ ಗಂಟು ಹಾಕುತ್ತಿದ್ದಳು. ಮಗಳನ್ನು ಕಂಡು, "ಮಗು ಹೇಗಿದೆ?" ಎಂದು ಎದ್ದಳು.

"ಮಗು ಆಮೇಲೆ. ನನ್ನ ಬಾಟ್ಲಿಗೆ ನೀನು ಕುದಿಸಿದ ನೀರು ಹಾಕ್ತಿದ್ಯಾ?"

"ಹೌದು."

ಅಡಗಿಸುವ ಮಾತೇ ಇಲ್ಲ. ಹೌದು ಎಂದಷ್ಟೇ.

"ಯಾಕಮ್ಮಾ?"

"ಯಾಕೆ ಅಂದ್ರೆ? ನಿನಗೆ ಇನ್ನೆಂಥ ನೀರು ಕೊಡ್ಲಿ? ಎಂಟು ವರ್ಷದವಳಿದ್ದಾಗ ಟೈಫಾಯ್ಡ್ ಬಂದು ಸತ್ತು ಬದುಕಿದೀಯ. ಇವಳಿಗೆ ಇನ್ನು ಮೇಲೆ ಕುದಿಸಿ ಆರಿಸಿದ ನೀರೇ ಕೊಡಿ ಅಂತ ಡಾಕ್ಟ್ರು ಹೇಳಿದ್ರು. ಎಷ್ಟು ದಿನ ಕೊಡಿ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅವತ್ತಿನಿಂದ ಕೊಡ್ತಾ ಇದೀನಿ."

"ಕುಡಿಯೋಕೆ ಕೊಡು, ಬೇಡ ಅನ್ನಲ್ಲ! ಬಾಟ್ಲಿಗೆ ಯಾಕೆ ಹಾಕಿದೆ? ಬಾವಿ ನೀರು ಹೇಗಿದೆ ಅಂತ ನೋಡೋಕಲ್ವಾ ನಾನು ಬರೋದು?"

"ಆಫೀಸಿಗೆ ಹೋಗೋ ನೀರು. ನಾಲ್ಕು ಜನ ದೊಡ್ಡವರು ನೋಡೋ ನೀರು. ಕುದಿಸಿದ್ದು ಪಾತ್ರೆ ತುಂಬ ಇರೋವಾಗ ಹಸಿ ನೀರು ಯಾಕೆ ಕಳಿಸ್ಲಿ? ಮಗಳು ಕೇಳಿದ್ರೆ ಮನೇಲಿರೋ ಒಳ್ಳೇದನ್ನ ಕೊಡಲ್ವಾ ಯಾರಾದ್ರೂ?"

ಬಾಟ್ಲಿ ಅಕ್ಕ ಬೆಂಚಿನ ಮೇಲೆ ಕೂತಳು. ಇಷ್ಟು ವರ್ಷ ಬಾಟ್ಲಿಯ ವಿಷಯ ಎಲ್ಲರಿಗೂ ಹೇಳಿದ್ದಳು. ಅದು ಯಾಕೆ ಎಂದು ಸ್ವಂತ ಅಮ್ಮನಿಗೆ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ತನ್ನ ಅಮ್ಮನಿಗೆ ಹೇಳದೆಯೂ ತಿಳಿದಿರುತ್ತದೆ ಎಂಬ ಧಿಮಾಕು.

"ಮನೇಲಿ ಉಳಿದವರೆಲ್ಲ ಹಸಿ ನೀರು ಕುಡೀತಾರಲ್ಲಮ್ಮ. ಗುಂಡಮ್ಮನೂ ಅದನ್ನೇ ಕುಡಿದದ್ದು."

"ನಿನ್ನ ತಮ್ಮನೂ ಅದನ್ನೇ ಕುಡಿದು ಬೆಳೆದ. ಅವನಿಗೆ ಒಂದು ದಿನ ನೆಗಡಿ ಬಂದದ್ದಿಲ್ಲ. ಬಾವಿ ಕೆಟ್ಟಿದ್ರೆ ಅವನಿಗೂ ಆಗಬೇಕಿತ್ತಲ್ಲ? ಬಾವೀದು ಏನೂ ಇಲ್ಲ ಕಣೇ. ನೀನೇ ಸೂಕ್ಷ್ಮ. ಹುಟ್ಟಿದಾಗಿನಿಂದ ಸೂಕ್ಷ್ಮ. ಈಗ ಆ ಮಗೂನೂ ನಿನ್ನ ಹಾಗೇ ಸೂಕ್ಷ್ಮ ಆಗಿದೆ, ಏನು ಮಾಡೋದು."

ಸೂಕ್ಷ್ಮ. ಆ ಮಾತು ಕೇಳಿಯೇ ಅವಳು ಬೆಳೆದದ್ದು. ಶಾಲೆಯ ಆಟಕ್ಕೆ ಕಳಿಸಬೇಡಿ, ಸೂಕ್ಷ್ಮ. ದೂರದ ಊರಿಗೆ ಕೊಡಬೇಡಿ, ಸೂಕ್ಷ್ಮ. ಹೆಣ್ಣು ನೋಡಲು ಬಂದ ಹೊಲಿಗೆಯವನ ಮುಂದೆಯೂ ಅಮ್ಮ ಅದನ್ನೇ ಹೇಳಿದ್ದಳು, ಮದುವೆ ಮುರಿಯದೆ ಉಳಿದದ್ದೇ ಹೆಚ್ಚು. ಹಾಳು ಬಾವಿಯೊಂದು ಕಟ್ಟೆಯ ಮೇಲೆ ಹಸಿರು ಬೊಟ್ಟಿಟ್ಟುಕೊಂಡು ಮೆರೆಯುತ್ತಿತ್ತು; ಅದರ ದೋಷವನ್ನೆಲ್ಲ ಒಂದು ಹುಡುಗಿಯ ಮೈಮೇಲೆ ಹೊರಿಸಿ ಇವರೆಲ್ಲ ಆರಾಮವಾಗಿ ನೀರು ಕುಡಿದರು. ಈಗ ಅದೇ ಹೊರೆ ಗುಂಡಮ್ಮನ ತಲೆಗೆ ಬರುತ್ತಿದೆ. ಅವಳಿಗೆ ನಿಜವಾಗಿಯೂ ಸಿಟ್ಟು ಬಂತು. ಬಾಯಿ ಬಡಿದುಕೊಳ್ಳುವ ಸಿಟ್ಟಲ್ಲ, ಕೈ ತಣ್ಣಗಾಗುವ ಸಿಟ್ಟು.

ಚೀಲದಿಂದ ತನ್ನ ಹಗ್ಗ ತೆಗೆದಳು. ಅಮ್ಮ ಕೈ ಚಾಚಿದಾಗ, "ಎರಡು ಹೆಜ್ಜೆ ಹಿಂದೆ ನಿಂತ್ಕೋ" ಎಂದಳು. ಬೇರೆಯವರ ಮನೆಯಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದಳು. ಅಮ್ಮ ನಿಂತಳು. ಹಿನ್ನೀರು ಉಬ್ಬಿ ಹಿತ್ತಲಿನ ಕಲ್ಲಿನವರೆಗೆ ಬಂದಿತ್ತು. ಅವಳು ಬಾವಿಗೆ ತಂಬಿಗೆ ಇಳಿಬಿಟ್ಟು, ಎತ್ತಿ, ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿದಳು. ನೀರು ನೋಡಲು ಎಷ್ಟು ತಿಳಿಯಾಗಿತ್ತೆಂದರೆ ಕುಡಿದುಬಿಡೋಣ ಅನ್ನಿಸುವಷ್ಟು.

"ನಾಳೆ ನೋಡು," ಎಂದಳು.

"ನೋಡೋಣ," ಎಂದಳು ಅಮ್ಮ. ಪರೀಕ್ಷೆಗೆ ಕೂತ ಬಾವಿಯ ಮೇಲೆ ಅವಳಿಗೆ ಇನ್ನೂ ಪೂರ್ತಿ ಭರವಸೆ ಇತ್ತು.

ಮರುದಿನ ಬೆಳಿಗ್ಗೆ ಜವಾನ ಬರುವ ಮುಂಚೆಯೇ ಆಫೀಸಿನ ಬೀಗ ತೆಗೆದಳು. ಪೆಟ್ಟಿಗೆಯಲ್ಲಿ ಮೊಸರಿನ ಡಬ್ಬಿಯ ಪಕ್ಕ ಅಮ್ಮನ ಬಾಟ್ಲಿ ನಿಂತಿತ್ತು. ಕಪ್ಪು. ಬೇಕರಿಯವನ ಬಾವಿಯದೂ ಇಷ್ಟು ಕಪ್ಪಾಗಿರಲಿಲ್ಲ. ತಾನು ಹೇಳಿದ್ದೇ ನಿಜವಾಯಿತು ಎಂಬ ಖುಷಿ ಆಗಬೇಕಿತ್ತು, ಆಗಲಿಲ್ಲ. ಆ ಬೀದಿಯ ಎಷ್ಟು ಮನೆಯವರನ್ನು ಕೈ ಹಿಡಿದು ಈ ನೀರಿಗೆ ಕರೆತಂದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕತೊಡಗಿ, ಎರಡೂ ಕೈಯ ಬೆರಳು ಮುಗಿದ ಮೇಲೆ ನಿಲ್ಲಿಸಿದಳು. ಬಾಟ್ಲಿಯನ್ನು ಕಾಗದದಲ್ಲಿ ಸುತ್ತಿಕೊಂಡು, ಕೆಂಪು ಬಣ್ಣದ ಡಬ್ಬಿ ಬ್ರಷ್ಷು ಹಿಡಿದು ಹೊರಟಳು.

ಅಮ್ಮನಿಗೆ ಕಾಗದ ಬಿಚ್ಚಿ ತೋರಿಸಿದಳು. ಅಮ್ಮ ಬಾಟ್ಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೆಳಕು ಆಚೆಗೆ ದಾಟಲಿಲ್ಲ. ಮುಚ್ಚಳ ತೆಗೆದು ಮೂಸಿ, ತಟ್ಟನೆ ಮುಖ ತಿರುಗಿಸಿದಳು.

"ಇದು ನಮ್ಮದೇನಾ?"

"ನಿನ್ನ ಕಣ್ಮುಂದೆನೇ ಸೇದಿದ್ದಲ್ವಾ?"

ಅಮ್ಮ ಬಾಟ್ಲಿಯನ್ನು ಹಿಂದಕ್ಕೆ ಕೊಟ್ಟು ಒಳಗೆ ಹೋದಳು. ಬೈದಿದ್ದರೆ, ವಾದಿಸಿದ್ದರೆ ಮಗಳಿಗೆ ಅಭ್ಯಾಸವಿತ್ತು. ಅವಳು ಬಣ್ಣದ ಡಬ್ಬಿಯ ಮುಚ್ಚಳ ಮೀಟತೊಡಗಿದಳು.

ಅಷ್ಟರಲ್ಲಿ ಎದುರು ಮನೆಯ ಇಸ್ತ್ರಿಯವನ ಹೆಂಡತಿ ಕೊಡ ಹಿಡಿದು ಬಂದಳು. ಬಂದವಳೇ ರಾಟೆಗೆ ಹಗ್ಗ ಹಾಕಿದಳು.

"ಈ ನೀರು ಬೇಡ. ಕೆಟ್ಟಿದೆ. ಕೆಂಪು ಇಡೋಕೆ ಬಂದಿದ್ದೀನಿ," ಎಂದಳು ಬಾಟ್ಲಿ ಅಕ್ಕ.

"ಏನು ತಮಾಷೆ ಅಕ್ಕ ನಿಮ್ಮದು. ನೀವೇ ಅಲ್ವಾ ಹಸಿರು ಇಟ್ಟಿದ್ದು?"

"ತಪ್ಪಾಗಿತ್ತು. ಇಗೋ ನೋಡು, ಈ ಬಾವಿ ನೀರೇ ಇದು."

ಆಕೆ ಕಪ್ಪು ಬಾಟ್ಲಿಯ ಕಡೆ ಒಂದು ಕಣ್ಣು ಹಾಯಿಸಿ, ನೀರು ಸೇದುತ್ತಲೇ ಇದ್ದಳು. "ನಿಮ್ಮ ಔಷಧೀನೇ ಕಪ್ಪಿರಬೇಕು. ನೋಡಿ, ಕೊಡದಲ್ಲಿ ಎಷ್ಟು ಬೆಳ್ಳಗಿದೆ. ಹಸಿರು ಇಟ್ಟವರೂ ನೀವೇ, ಕೆಂಪು ಇಡೋರೂ ನೀವೇ, ನಾಳೆ ಮತ್ತೆ ಬಂದು ಹಸಿರು ಅಂತೀರ. ನಮ್ಮ ಬಾವಿಗೆ ಕೆಂಪು ಇಟ್ಟಾಗ ಇಲ್ಲಿಗೆ ಹೋಗು ಅಂದ್ರಿ, ಬಂದ್ವಿ. ಇನ್ನೆಲ್ಲಿಗೆ ಹೋಗೋದು ನಾವು?"

ಬಾಟ್ಲಿ ಅಕ್ಕ ಕುದಿಸುವ ವಿಷಯ ಹೇಳಿದಳು, ಗುಂಡಿ, ಚರಂಡಿ, ಉಬ್ಬರ ಎಲ್ಲ ಹೇಳಿದಳು. ಕೋಣನ ಮುಂದೆ ಕಿನ್ನರಿ. ಆಕೆ ತಲೆಯಾಡಿಸುತ್ತ ಕೇಳಿ, ಕೊಡ ತುಂಬಿಸಿ, ಸೊಂಟಕ್ಕೆ ಏರಿಸಿ, "ಇದೊಂದು ಕೊಡ ಒಯ್ತೀನಿ. ನಾಳೆಯಿಂದ ನೋಡೋಣ" ಎಂದು ತಿರುಗಿದಳು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಮೆಟ್ಟಿಲು ಇಳಿದು ಬಂದವಳೇ ಎರಡೂ ಕೈಯಿಂದ ಆ ಕೊಡವನ್ನು ಹಿಡಿದು ಎಳೆದಳು. ಇಸ್ತ್ರಿಯವನ ಹೆಂಡತಿ, "ಏನಮ್ಮಾ ಇದು" ಎನ್ನುವಷ್ಟರಲ್ಲಿ ಕೊಡ ಕೈತಪ್ಪಿ ಕಲ್ಲಿಗೆ ಬಡಿಯಿತು. ಒಂದು ಮಗ್ಗುಲು ನೆಗ್ಗಿತು. ನೀರೆಲ್ಲ ಮೂವರ ಕಾಲ ಬಳಿ ಹರಡಿತು.

"ನನ್ನ ಮೊಮ್ಮಗಳು ಆಸ್ಪತ್ರೇಲಿ ಮಲಗಿದಾಳೆ," ಎಂದಳು ಅಮ್ಮ. ಧ್ವನಿ ಏರಿರಲಿಲ್ಲ. "ನಿನ್ನ ಮನೇಲೂ ಎರಡು ಮಕ್ಕಳಿದಾವೆ. ಈ ನೀರು ಕೊಡಲ್ಲ. ಹೋಗು."

ಕೇಳಿದವರಿಗೆ ನೀರಿಲ್ಲ ಎಂದು ಅಮ್ಮನ ಬಾಯಿಂದ ಬಂದದ್ದು ಅದೇ ಮೊದಲು. ಇಸ್ತ್ರಿಯವನ ಹೆಂಡತಿ ನೆಗ್ಗಿದ ಕೊಡ ಎತ್ತಿಕೊಂಡು, ತಾಯಿ ಮಗಳಿಬ್ಬರಿಗೂ ತಲೆ ಕೆಟ್ಟಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಗೊಣಗುತ್ತ ಹೋದಳು. ಅವಳು ಅತ್ತ ಹೋದ ಮೇಲೆ ಅಮ್ಮ ಬೆಂಚಿನ ಮೇಲೆ ಕೂತಳು. ಒದ್ದೆಯಾದ ಸೀರೆಯಂಚು ಹಿಂಡಿದಳು.

"ಅವಳ ಚಿಕ್ಕದಕ್ಕೂ ಹೋದ ತಿಂಗಳು ಹೊಟ್ಟೆ ಕೆಟ್ಟಿತ್ತು," ಎಂದಳು. "ಆ ಮೂಲೆ ಮನೆ ಮಗೂಗೂ. ಇಲ್ಲೇ ಕೂತು ಹೇಳ್ಕೊಂಡು ಅತ್ರು. ಹಲ್ಲು ಬರ್ತಿದೆ ಕಣ್ರೇ, ಸರಿ ಹೋಗುತ್ತೆ ಅಂದೆ ನಾನು. ಸಮಾಧಾನ ಮಾಡಿ, ಕೊಡ ತುಂಬಿಸಿ ಕಳಿಸಿದೆ."

ಬಾಟ್ಲಿ ಅಕ್ಕ ಇಡೀ ಊರಿಗೆ ಬೈದವಳು. ಬಾಟ್ಲಿ ತೊಳೆದವರಿಗೆ, ಬೊಟ್ಟು ಕೆರೆದವರಿಗೆ, ಮೊಸರಿನ ಜವಾನನಿಗೆ, ಎಲ್ಲರಿಗೂ ಅವಳ ಹತ್ತಿರ ಮಾತಿತ್ತು. ಅಮ್ಮನಿಗೆ, ನೀನೊಬ್ಬಳೇ ಅಲ್ಲಮ್ಮ, ಕಳಿಸಿದವಳು ನಾನು ಎನ್ನಬೇಕೆಂದುಕೊಂಡಳು. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಳೆಯ ಹಸಿರಿನ ಮೇಲೆ, ಅದರಷ್ಟೇ ಅಗಲದ ಒಂದು ಕೆಂಪು ಬೊಟ್ಟು ಇಟ್ಟಳು.

ಅಮ್ಮ ಕೂತಲ್ಲಿಂದಲೇ ನೋಡಿದಳು.

"ಅಷ್ಟು ಸಾಲಲ್ಲ ಕಣೇ," ಎಂದಳು. "ದೊಡ್ಡದಾಗಿ ಬಳಿ. ಬೀದಿ ತುದಿಯಿಂದ ಕಾಣೋ ಹಾಗೆ ಬಳಿ."